ಕಂಪನಿಯ ಗುರುತು

ಜನವರಿ ೬

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮ ನಟ್ಟು ಮಾಡುವ ನಮಸ್ಕಾರ.

ಇಲ್ಲಿ ನಾನು, ಅಮ್ಮ, ಅಪ್ಪನ ಕಾರು ಮೂವರೂ ಕ್ಷೇಮ. ಮೂವರಲ್ಲಿ ಕೆಮ್ಮುತ್ತಿದ್ದದ್ದು ಕಾರು ಮಾತ್ರ; ಹೋದ ವಾರದಿಂದ ಅದೂ ನಿಂತಿದೆ. ಬಣ್ಣ ಬಳಿದು ಮುಗಿಯಿತು. ಮೈ ಕಪ್ಪು, ತಲೆ ಕೆನೆಬಣ್ಣ, ಅಪ್ಪ ರೈಲು ನಿಲ್ದಾಣದ ಮುಂದೆ ಬಾಡಿಗೆಗೆ ನಿಲ್ಲಿಸುತ್ತಿದ್ದಾಗ ಇದ್ದ ಹಾಗೇ. ಗುಜರಿಗೆ ಹಾಕು ಎಂದು ವರ್ಷಗಟ್ಟಲೆ ನನ್ನ ತಲೆ ತಿಂದ ಪಕ್ಕದ ಮನೆ ದರ್ಜಿ ಈಗ ದಿನಾ ಬೆಳಿಗ್ಗೆ ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಾನೆ.

ಇನ್ನು ಉಳಿದಿರುವುದು ಚಿಕ್ಕ ಸಾಮಾನು. ಬಾಗಿಲ ಹಿಡಿಗಳು, ಕಿಟಕಿಯ ಗಾಜು ಏರಿಸಿ ಇಳಿಸುವ ಗ್ಲಾಸ್ ಹ್ಯಾಂಡಲ್‌ಗಳು, ಡಿಕ್ಕಿಯ ಬೀಗ, ಬೂದಿ ಡಬ್ಬಿಯ ಮುಚ್ಚಳ, ಕೀಲಿನ ಸ್ಕ್ರೂಗಳು. ಎಲ್ಲವನ್ನೂ ಈ ಪೆಟ್ಟಿಗೆಯಲ್ಲಿ ಕಳಿಸಿದ್ದೇನೆ. ಇಲ್ಲಿ ಲೋಹದ ಸಾಮಾನಿಗೆ ನಿಕಲ್ ಹೊಳಪು ಏರಿಸುವ ಪ್ಲೇಟಿಂಗಿನವರು ಇಲ್ಲವೆಂದಲ್ಲ. ಆದರೆ ಸ್ವಂತ ಅಕ್ಕ ಪ್ಲೇಟಿಂಗ್ ಅಂಗಡಿ ಇಟ್ಟುಕೊಂಡು ಕೂತಿರುವಾಗ ಅಪ್ಪನ ಕಾರಿನ ಸಾಮಾನು ಬೇರೆ ಯಾರದೋ ತೊಟ್ಟಿಯಲ್ಲಿ ಮುಳುಗುವುದು ನನಗೆ ಸರಿಕಾಣಲಿಲ್ಲ.

ಮಾರ್ಚ್ ಮೂವತ್ತರ ಭಾನುವಾರ ಹಳೆಯ ಕಾರುಗಳ ಸಂಘದವರು ಮೈದಾನದಲ್ಲಿ ಕಾರುಗಳನ್ನು ಸೇರಿಸುತ್ತಿದ್ದಾರೆ. ಬಿಡಿ ಸಾಮಾನೆಲ್ಲ ಕಾರ್ಖಾನೆಯಿಂದ ಬಂದದ್ದೇ ಉಳಿದಿರುವ ಕಾರಿಗೆ ಒಂದು ಹಿತ್ತಾಳೆಯ ಫಲಕ ಕೊಡುತ್ತಾರೆ, ಡ್ಯಾಶ್‌ಬೋರ್ಡಿಗೆ ಕೂರಿಸಿಕೊಳ್ಳಲು. ಅದು ನನಗೆ ಬೇಕೇ ಬೇಕು ಅಕ್ಕ. ಅಪ್ಪ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದರು: "ಇದರಲ್ಲಿ ಒಂದು ಸ್ಕ್ರೂ ಕೂಡ ಹೊರಗಿಂದಲ್ಲ, ಎಲ್ಲಾ ಕಂಪನಿದು." ನಿಲ್ದಾಣದ ಮುಂದಿನ ಉಳಿದ ಡ್ರೈವರುಗಳು ಕಾಗೆ ಹಾರಿಸುತ್ತಾರೆ ಎಂದು ಬೆನ್ನ ಹಿಂದೆ ನಗುತ್ತಿದ್ದರು. ನಾನು ಚಿಕ್ಕವನಿದ್ದರೂ ಆ ನಗು ಕಿವಿಗೆ ಬೀಳುತ್ತಿತ್ತು. ಆ ಫಲಕ ಬಂದರೆ ಅಪ್ಪನ ಮಾತಿಗೆ ಮುದ್ರೆ ಬಿದ್ದ ಹಾಗೆ.

ಒಂದು ಮುಖ್ಯ ವಿಷಯ. ನಾಲ್ಕು ಗ್ಲಾಸ್ ಹ್ಯಾಂಡಲ್‌ಗಳಲ್ಲಿ ಮೂರು ಒಂದೇ ಥರ ಇವೆ. ಅವುಗಳ ಕುತ್ತಿಗೆಯ ಒಳಮಗ್ಗುಲಲ್ಲಿ, ಬಾಗಿಲಿಗೆ ಕೂರಿಸಿದ ಮೇಲೆ ಕಾಣದ ಜಾಗದಲ್ಲಿ, ಒಂದು ಸಣ್ಣ ಕಚ್ಚು ಇದೆ. ಕಂಪನಿಯ ಗುರುತು ಅದು. ಎಷ್ಟು ಅಚ್ಚುಕಟ್ಟು ನೋಡು, ಕಾಣದ ಜಾಗದಲ್ಲಿ ಗುರುತು ಹಾಕಿದ್ದಾರೆ. ನಾಲ್ಕನೆಯದು, ಹಿಂದಿನ ಎಡ ಬಾಗಿಲಿನದು, ಬೇರೆ. ಗಿಡ್ಡ, ಹಗುರ, ಗುರುತೂ ಇಲ್ಲ. ಯಾವನೋ ಮೆಕ್ಯಾನಿಕ್ ಕೈಚಳಕ ತೋರಿಸಿ ಕಂಪನಿಯದನ್ನು ಎಗರಿಸಿ ಇದನ್ನು ಸಿಕ್ಕಿಸಿದ್ದಾನೆ. ಅದನ್ನು ಬಿಸಾಕು. ಮೂರರ ಹಾಗೇ ನಾಲ್ಕನೆಯದನ್ನೂ ಮಾಡಿಸು, ಒಳಗೆ ಆ ಕಚ್ಚನ್ನೂ ಹಾಕಿಸು. ಆ ಮೂರನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊ. ಪರೀಕ್ಷಕರ ಮುಂದೆ ಒಂದನ್ನು ಬಿಚ್ಚಿ ಆ ಗುರುತು ತೋರಿಸುವುದು ನನ್ನ ಯೋಜನೆ.

ಅಮ್ಮ ಗಟ್ಟಿಯಾಗಿದ್ದಾಳೆ. ಕಿವಿ ಮಾತ್ರ ತನಗೆ ಬೇಕಾದ್ದನ್ನು ಕೇಳುತ್ತದೆ. ನಿನ್ನ ಬೆನ್ನುನೋವು ಹೇಗಿದೆ ಎಂದು ಕೇಳುತ್ತಿದ್ದಾಳೆ. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ,
ನಟ್ಟು


ಜನವರಿ ೨೧

ನಟ್ಟುವಿಗೆ ಅಕ್ಕನ ಆಶೀರ್ವಾದ.

ನಿನ್ನ ಪೆಟ್ಟಿಗೆ ತಲುಪಿತು. ನಿನ್ನ ಹರಿದ ಬನಿಯನ್ನುಗಳೂ ತಲುಪಿದವು. ಬಾಗಿಲ ಹಿಡಿಗಳನ್ನು ಸುತ್ತಿ ಕಳಿಸಲು ಮನೆಯಲ್ಲಿ ಬೇರೆ ಬಟ್ಟೆ ಇರಲಿಲ್ಲವೇ? ನಿಮ್ಮ ಭಾವ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಒಂದೊಂದನ್ನೇ ಎತ್ತಿ ಹಿಡಿದು, ಇದು ಮುಂದಿನ ಬಾಗಿಲಿಂದು, ಇದು ಹಿಂದಿನದು ಎಂದು ತೋರಿಸಿದರು. ನಾನು ತಲೆ ತಗ್ಗಿಸಬೇಕಾಯಿತು.

ಈಗ ಬೈಗುಳದ ಮೊದಲ ಭಾಗ. ನಿನ್ನ ಪತ್ರ ಪೆಟ್ಟಿಗೆಯ ತಳದಲ್ಲಿತ್ತು, ಸ್ಕ್ರೂ ಡಬ್ಬಿಯ ಕೆಳಗೆ. ಸಾಮಾನು ಮೊದಲು, ಮಾತು ಆಮೇಲೆ ಎಂಬುದು ಅಪ್ಪನ ಪದ್ಧತಿ, ಒಪ್ಪಿದೆ. ನಾನೂ ಹಾಗೇ ಮಾಡುತ್ತೇನೆ. ಆದರೆ ಇಷ್ಟು ಮುಖ್ಯವಾದ ಮಾತಿದ್ದರೆ ಅದನ್ನು ಮೇಲಿಡಬಾರದೇ?

ಬೈಗುಳದ ಎರಡನೆಯ ಭಾಗ ನನಗೇ ಸೇರಬೇಕು, ಆದರೆ ನೀನೂ ಹಂಚಿಕೊ. ಮೇಲೆ ಸಿಕ್ಕ ಎರಡು ಗ್ಲಾಸ್ ಹ್ಯಾಂಡಲ್‌ಗಳನ್ನು ಆಗಲೇ ಹಳೆಯ ಪದರ ಕಳಚಿ, ಉಜ್ಜಿ, ತಾಮ್ರದ ತೊಟ್ಟಿಗೆ ಹಾಕಿಬಿಟ್ಟಿದ್ದೆ. ಒಳಮಗ್ಗುಲಲ್ಲಿ ಗೀರಿನಂಥದ್ದು ಕಂಡಿತು. ಗೀರು ಕಂಡರೆ ತಾಮ್ರ ತುಂಬಿಸಿ ಸಪಾಟು ಮಾಡುವುದು ನನ್ನ ಕೈಗೆ ಅಂಟಿದ ಚಾಳಿ. ತಲೆ ಯೋಚಿಸುವ ಮೊದಲೇ ಕೈ ಮುಗಿಸಿರುತ್ತದೆ. ಮೇಲೆ ನಿಕಲ್ ಕೂಡ ಏರಿತು. ನಿನ್ನ ಪತ್ರ ಸಿಕ್ಕಿದ್ದು ಅದಾದ ಮೇಲೆ. ಅಂದರೆ ನಿನ್ನ ಕಂಪನಿಯ ಗುರುತು ಎರಡರಲ್ಲಿ ಈಗ ಇಲ್ಲ. ಮೂರನೆಯದು ಕೊಳೆಯಲ್ಲೇ ಇದೆ, ಮುಟ್ಟಿಲ್ಲ.

ನಿನ್ನ ಮೂರು ಗಟ್ಟಿ ಹಿತ್ತಾಳೆ. ನಾಲ್ಕನೆಯದು ಸತುವಿನ ಎರಕ, ಒಳಗೆ ಬೂದುಬಣ್ಣ, ಮೈತುಂಬ ಸಿಡುಬಿನ ಹಾಗೆ ಸಣ್ಣ ಗುಳಿಗಳು. ಬಿಸಾಕು ಎಂದೆಯಲ್ಲ, ನನ್ನ ಅಂಗಡಿಯಿಂದ ಯಾವುದನ್ನೂ ಬಿಸಾಕುವುದಿಲ್ಲ. ಬೆನ್ನು ಇದ್ದಲ್ಲೇ ಇದೆ, ನೋವೂ ಇದ್ದಲ್ಲೇ ಇದೆ ಎಂದು ಅಮ್ಮನಿಗೆ ಹೇಳು.

ಕೋಪ ಬಂದರೆ ಹೊಟ್ಟೆಗೆ ಹಾಕಿಕೊ.

ಅಕ್ಕ


ಫೆಬ್ರವರಿ ೨

ಅಕ್ಕ,

ಹೊಟ್ಟೆಗೆ ಹಾಕಿಕೊಳ್ಳುವುದು ಹೇಗೆ? ಊರವರ ಕಾರುಗಳಿಗೆಲ್ಲ ಕನ್ನಡಿಯಂಥ ಹೊಳಪು ಕೊಟ್ಟವಳು ನಮ್ಮ ಮನೆಯ ಕಾರಿನ ಗುರುತನ್ನೇ ಅಳಿಸಿ ಕೂತೆಯಲ್ಲ. ಕಂಪನಿಯವರು ಅಷ್ಟು ಜತನದಿಂದ ಹಾಕಿದ್ದನ್ನು ಗೀರು ಎಂದು ಮುಚ್ಚಿದವಳು ಇಡೀ ಲೋಕದಲ್ಲಿ ನೀನೊಬ್ಬಳೇ ಇರಬೇಕು.

ಸಿಟ್ಟಿನಲ್ಲಿ ನಿನ್ನ ಪತ್ರವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ನನ್ನ ಪರ ನಿಲ್ಲುತ್ತಾಳೆಂದು ನೆನೆಸಿದ್ದೆ. ಅವಳು ನಗಲು ಶುರುಮಾಡಿದಳು. ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿಸಬೇಕಾಯಿತು. ಕಂಪನಿ ಗುರುತು ಎಂಬ ಮಾತು ಬಂದಾಗಲೆಲ್ಲ ಇನ್ನೊಂದು ಸಲ ಹೇಳು ಎನ್ನುತ್ತಿದ್ದಳು. ವಯಸ್ಸಾಯಿತಲ್ಲ, ನಗು ಎಲ್ಲಿಂದ ಬರುತ್ತದೋ ತಿಳಿಯುವುದಿಲ್ಲ. ಕೊನೆಗೆ ಕಣ್ಣು ಒರೆಸಿಕೊಂಡು, "ಮೂರನೇದು ಹಾಗೇ ಇದೆಯಾ? ಅದನ್ನ ಮುಚ್ಚಬೇಡ ಅಂತ ಬರಿ" ಅಂದಳು. ನೋಡು, ಅವಳಿಗೂ ಅಪ್ಪನ ಮಾತು ಉಳಿಯಬೇಕೆಂಬ ಆಸೆ. ನನಗೆ ಮನಸ್ಸು ತುಂಬಿ ಬಂತು.

ಹಿತ್ತಾಳೆ ಎಂದು ಬರೆದದ್ದು ಒಳ್ಳೆಯದಾಯಿತು. ಆ ಕಾಲದ ಕಂಪನಿ ಎಂದರೆ ಸುಮ್ಮನೆ ಅಲ್ಲ, ಕಿಟಕಿಯ ಹ್ಯಾಂಡಲ್‌ಗೂ ಗಟ್ಟಿ ಹಿತ್ತಾಳೆ ಹಾಕಿದ್ದಾರೆ. ಆ ಸತುವಿನ ಪೀಡೆಯನ್ನು ಬಿಸಾಕದಿದ್ದರೆ ನಿನ್ನ ಇಷ್ಟ, ಆದರೆ ನನಗೆ ಮಾತ್ರ ವಾಪಸ್ಸು ಕಳಿಸಬೇಡ. ಉಳಿದಿರುವ ಒಂದು ಗುರುತನ್ನಾದರೂ ಉಳಿಸಿಕೊಡು. ಅಷ್ಟು ಮಾಡಿದರೆ ಎರಡನ್ನು ಮರೆಯುತ್ತೇನೆ.

ನಟ್ಟು


ಫೆಬ್ರವರಿ ೧೭

ನಟ್ಟು,

ಈ ಪತ್ರ ಬರೆಯಲು ಕೂತು ಎದ್ದು, ಕೂತು ಎದ್ದು ಆಗಿದೆ. ನಿಧಾನವಾಗಿ ಓದು.

ಅಮ್ಮ ನಕ್ಕಳು ಎಂದು ಬರೆದೆಯಲ್ಲ, ಅಲ್ಲಿಂದ ನನಗೆ ಕಸಿವಿಸಿ ಶುರುವಾಯಿತು. ಅಮ್ಮ ಸುಮ್ಮನೆ ನಗುವವಳಲ್ಲ. ಮೂರನೆಯ ಹ್ಯಾಂಡಲನ್ನು ತೊಳೆದು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಅಚ್ಚಿನಲ್ಲಿ ಬಂದ ಗುರುತಲ್ಲ ಅದು. ಮೂರು ಮೂಲೆಯ ಅರದಿಂದ ಕೈಯಲ್ಲಿ ಹಾಕಿದ ಒಂದೇ ಎಳೆತ, ಬಲಗಡೆ ಸ್ವಲ್ಪ ಆಳ. ಅದನ್ನು ನೋಡುತ್ತಿದ್ದ ಹಾಗೆ ನನ್ನ ಉಗುರು ತಾನಾಗಿ ಅದರೊಳಗೆ ಹೋಯಿತು. ಆಗ ಗೊತ್ತಾಯಿತು.

ನೀನು ಚಿಕ್ಕಂದಿನಲ್ಲಿ ಯಾವಾಗಲೂ ಕಾರಿನ ಕೆಳಗೆ. ನಾನು ಅಮ್ಮನ ಮೇಜಿನ ಪಕ್ಕ. ಮುಂದಿನ ಕೋಣೆಯಲ್ಲಿ ಅವಳು ಬೀಗದಕೈ ಮಾಡುತ್ತಿದ್ದದ್ದು ನಿನಗೆ ನೆನಪಿದೆ, ಆದರೆ ಹೇಗೆ ಮಾಡುತ್ತಿದ್ದಳು ಎಂದು ನೀನು ನೋಡಿಲ್ಲ. ಅರ ಹಾಕಿ ಮುಗಿಸಿದ ಮೇಲೆ ಪ್ರತಿ ಬೀಗದಕೈಗೂ ಕುತ್ತಿಗೆಯ ಹತ್ತಿರ ಒಂದು ಸಣ್ಣ ಕಚ್ಚು ಹಾಕುತ್ತಿದ್ದಳು. ಯಾರಾದರೂ ಬೀಗ ತೆಗೆಯುತ್ತಿಲ್ಲ ಎಂದು ವಾಪಸ್ಸು ತಂದರೆ, "ನಮ್ಮದಾ ನೋಡು" ಎಂದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಉಗುರಿನಲ್ಲಿ ತಡವಿ ಹೇಳಬೇಕು. ತನ್ನದಾದರೆ ಮರುಮಾತಿಲ್ಲದೆ ಸರಿಮಾಡಿಕೊಡುತ್ತಿದ್ದಳು. ಬೇರೆಯವರದಾದರೆ ಮೊದಲು ಬೈದು ಆಮೇಲೆ ಸರಿಮಾಡುತ್ತಿದ್ದಳು.

ಮದುವೆಯಾಗಿ ಬರುವಾಗ ಅವಳು ಮಾಡಿಕೊಟ್ಟ ಟ್ರಂಕಿನ ಬೀಗದಕೈ ಇನ್ನೂ ನನ್ನ ಹತ್ತಿರ ಇದೆ. ತಂದು ಪಕ್ಕದಲ್ಲಿಟ್ಟೆ. ಅದೇ ಕಚ್ಚು, ಅದೇ ಓರೆ, ಬಲಗಡೆ ಅದೇ ಆಳ. ನಿನ್ನ ಮೂರು ಕಂಪನಿ ಹ್ಯಾಂಡಲ್‌ಗಳನ್ನು ಅಮ್ಮ ಮಾಡಿದ್ದಾಳೆ, ನಟ್ಟು.

ಇನ್ನೂ ಒಂದು ಹೇಳುತ್ತೇನೆ. ಆ ಕಾಲದ ಕಾರುಗಳ ಗ್ಲಾಸ್ ಹ್ಯಾಂಡಲ್‌ಗಳು ನನ್ನ ಕೈಯಲ್ಲಿ ಎಷ್ಟೋ ಹಾದುಹೋಗಿವೆ. ಎಲ್ಲವೂ ಸತು. ಬೇಗ ಮುರಿಯುತ್ತಿದ್ದವು. ನೀನು ಪೀಡೆ ಎಂದು ಬೈದ ಆ ಗಿಡ್ಡ ಹ್ಯಾಂಡಲ್ ಒಂದೇ ಕಂಪನಿಯದು. ಅದನ್ನು ಬಿಸಾಕಿದ್ದರೆ ಕಾರಿನ ಅಸಲಿ ಹ್ಯಾಂಡಲ್ ಒಂದೂ ಉಳಿಯುತ್ತಿರಲಿಲ್ಲ. ಆಮ್ಲಕ್ಕೆ ಹಾಕಿದರೆ ಕರಗಿಹೋಗುವಂಥದ್ದು, ಅದಕ್ಕೇ ಕೈಯಲ್ಲೇ ಒಂದೊಂದು ಗುಳಿ ಕೆರೆದು ನಿಕಲ್ ಏರಿಸಿ ಕಳಿಸುತ್ತಿದ್ದೇನೆ. ಹೊಸದನ್ನು ಮಾಡಿಸಿಲ್ಲ. ಮುಚ್ಚಿದ ಎರಡು ಕಚ್ಚುಗಳನ್ನು ನಾನೇ ಮತ್ತೆ ಹಾಕಬಹುದಿತ್ತು. ಹಾಕಿದರೆ ಅದು ನನ್ನ ಕಚ್ಚಾಗುತ್ತದೆ, ಅಮ್ಮನದಲ್ಲ.

ನಾನು ಎಲ್ಲ ಬಗೆಯ ಪ್ಲೇಟಿಂಗ್ ಮಾಡಿ ಹೆಸರು ಮಾಡಿದವಳು. ಆ ಮೂರನ್ನು ಯಂತ್ರ ಮಾಡಿಲ್ಲ ಎಂದು ನನಗೇ ಗೊತ್ತಾಗಲಿಲ್ಲ. ತೋಳಿನ ಬಾಗು ಮೂರರಲ್ಲೂ ಒಂದೇ, ತೂಕ ಒಂದೇ. ತೋಳನ್ನು ಆ ಗಿಡ್ಡದಕ್ಕಿಂತ ಬೆರಳಗಲ ಉದ್ದ ಮಾಡಿದ್ದಾಳೆ; ಗಾಜು ಹಗುರವಾಗಿ ತಿರುಗಲಿ ಎಂದಿರಬೇಕು. ಕಂಪನಿಗೆ ಹೊಳೆಯದ್ದು ಅವಳಿಗೆ ಹೊಳೆದಿದೆ. ನನ್ನ ಎದೆ ಎಷ್ಟು ಉಬ್ಬಿದೆ ಎಂದರೆ, ನಿಮ್ಮ ಭಾವ ಅಂಗಡಿ ಬಾಗಿಲು ಅಗಲ ಮಾಡಿಸಬೇಕೇನೋ ಎಂದರು.

ಅಪ್ಪನ ಮೇಲೆ ಸ್ವಲ್ಪ ಸಿಟ್ಟೂ ಬಂದಿದೆ. ಹೆಂಡತಿಯ ಕೆಲಸವನ್ನು ಕಂಪನಿಯದು ಎಂದು ಊರೆಲ್ಲ ಹೇಳಿಕೊಂಡು ಬಂದರಲ್ಲ. ಪರೀಕ್ಷಕರ ಮುಂದೆ ನೀನು ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಫಲಕದ ಆಸೆ ಎಷ್ಟಿದೆ ಎಂದು ನನಗೆ ಗೊತ್ತು, ಅಪ್ಪನ ಮಾತು ನಿನಗೆ ಎಷ್ಟು ದೊಡ್ಡದೆಂದೂ ಗೊತ್ತು. ನನ್ನದು ಒಂದೇ ಬೇಡಿಕೆ. ಅಮ್ಮನ ಎದುರಿಗೆ ಮಾತ್ರ ಇನ್ನೊಂದು ಸಲ ಅವನ್ನು ಕಂಪನಿಯದು ಅನ್ನಬೇಡ.

ಬಾಗಿಲಿಗೊಂದರಂತೆ ನಾಲ್ಕು ಗಂಟು ಕಟ್ಟಿದ್ದೇನೆ, ಮೇಲೆ ಚೀಟಿ ಅಂಟಿಸಿದ್ದೇನೆ. ಈ ಪತ್ರವನ್ನು ತಳದಲ್ಲೇ ಇಡುತ್ತಿದ್ದೇನೆ. ಮೊದಲು ಸಾಮಾನಿನ ಹೊಳಪು ನೋಡಿ ಸಂತೋಷಪಡು, ಆಮೇಲೆ ಇದನ್ನು ಓದು.

ಅಕ್ಕ


ಮಾರ್ಚ್ ೧

ಪ್ರೀತಿಯ ಅಕ್ಕನಿಗೆ,

ಪೆಟ್ಟಿಗೆ ಬಂತು. ನಿನ್ನ ಕೈಗೆ ಏನು ಕೊಟ್ಟರೂ ಕಡಿಮೆ. ಬೈದದ್ದನ್ನೆಲ್ಲ ವಾಪಸ್ಸು ತೆಗೆದುಕೊಂಡಿದ್ದೇನೆ. ಮೊದಲ ಗಂಟು ಬಿಚ್ಚಿದಾಗ ದರ್ಜಿ ಪಕ್ಕದಲ್ಲಿದ್ದ. ಬಾಯಿ ತೆರೆದವನು ಮುಚ್ಚುವುದನ್ನೇ ಮರೆತ.

ನನ್ನ ಕೆಲಸದ ರೀತಿ ನಿನಗೆ ಗೊತ್ತಲ್ಲ. ಒಂದು ಬಾಗಿಲು ಪೂರ್ತಿ ಮುಗಿಯದೆ ಇನ್ನೊಂದರ ಗಂಟಿಗೆ ಕೈ ಹಾಕುವುದಿಲ್ಲ. ಡಿಪೋದಲ್ಲಿ ಬಸ್ಸಿನ ಬಾಗಿಲು ರಿಪೇರಿ ಮಾಡುವಾಗಲೂ ಹಾಗೇ. ಎಲ್ಲವನ್ನೂ ಬಿಚ್ಚಿ ಹರಡಿದರೆ ಒಂದಲ್ಲ ಒಂದು ಸ್ಕ್ರೂ ಕಾಲು ಬಂದು ಎಲ್ಲೋ ಹೊರಟುಹೋಗುತ್ತದೆ. ಪೆಟ್ಟಿಗೆಯನ್ನು ಶೆಡ್ಡಿನ ಮೇಲಿನ ಹಲಗೆಯ ಮೇಲಿಟ್ಟು ವಾರಕ್ಕೊಂದು ಗಂಟು ಇಳಿಸುತ್ತಿದ್ದೇನೆ. ಡ್ರೈವರ್ ಬಾಗಿಲು ಮುಗಿಯಿತು. ಸ್ಕ್ರೂಗಳ ತಲೆಯ ಗೀಟೆಲ್ಲ ನೆಟ್ಟಗೆ ನಿಲ್ಲುವ ಹಾಗೆ ಬಿಗಿದಿದ್ದೇನೆ, ಒಂದೂ ಓರೆಯಿಲ್ಲ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಇವತ್ತು ಅದರ ಪಕ್ಕದ ಬಾಗಿಲು. ಆ ಗಂಟಿನಲ್ಲಿ ಮೂರನೆಯ ಹ್ಯಾಂಡಲ್ ಇತ್ತು. ಗುರುತು ಹಾಗೇ ಇದೆ, ಹೊಳೆಯುತ್ತಿದೆ. ಕಣ್ಣಿಗೊತ್ತಿಕೊಂಡೆ ಅಕ್ಕ. ದರ್ಜಿಯನ್ನು ಕೂಗಿ ಕರೆದು ತೋರಿಸಿದೆ. ಅಮ್ಮ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳ ಕೈಗೂ ಕೊಟ್ಟು, ನೋಡಮ್ಮ ಕಂಪನಿ ಗುರುತು, ಕಂಪನಿ ಮಾಲು ಅಂದ್ರೆ ಕಂಪನಿ ಮಾಲೇ ಅಂದೆ. ಅವಳು ಉಗುರಿನಲ್ಲಿ ಅದನ್ನು ಒಂದು ಸಲ ತಡವಿದಳು. "ಚೆನ್ನಾಗಿದೆ, ಹಾಕು" ಅಂದು ವಾಪಸ್ಸು ಕೊಟ್ಟಳು. ಆಮೇಲೆ ಕಾರಿನೊಳಗೆ ಕೂತು ಗಾಜು ಏರಿಸಿ ಇಳಿಸಿ ಏರಿಸಿ ಇಳಿಸಿ, ನಾನು ಸಾಕು ಅನ್ನುವವರೆಗೂ ಬಿಡಲಿಲ್ಲ.

ಫಲಕಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಜಾಗ ನೋಡಿ ಎರಡು ತೂತು ಕೊರೆದೂ ಆಯಿತು. ಅವಸರ ಎನ್ನಬೇಡ, ನನಗೆ ಅಷ್ಟು ಧೈರ್ಯ ಬಂದಿದೆ.

ನಟ್ಟು


ಮಾರ್ಚ್ ೯

ನಟ್ಟುವಿಗೆ,

ನಿನ್ನ ಪತ್ರ ಬಂತು. ಎರಡೆರಡು ಸಲ ಓದಿದೆ, ನಾನೇ ತಪ್ಪು ಓದುತ್ತಿದ್ದೇನೋ ಎಂದು.

ಅಷ್ಟೆಲ್ಲ ಬರೆದ ಮೇಲೂ ಅಮ್ಮನ ಕೈಗೇ ಕೊಟ್ಟು ಹಾಗೆ ಅಂದೆಯಲ್ಲ. ಫಲಕ ಅಷ್ಟು ಬೇಕಿದ್ದರೆ ಬೇಕು ಎಂದು ನೇರವಾಗಿ ಬರೆಯಬಹುದಿತ್ತು. ನಾನು ಏನೂ ಹೇಳಿಯೇ ಇಲ್ಲವೇನೋ ಎಂಬಂತೆ ನಟಿಸುವುದು ಬೇಡವಾಗಿತ್ತು. ನಿನಗೆ ಹೇಗೆ ಸರಿಕಾಣುತ್ತದೋ ಹಾಗೆ ಮಾಡು. ನಾನು ಇನ್ನು ಈ ಮಾತೆತ್ತುವುದಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಅದನ್ನಾದರೂ ಹೇಳು.

ಅಕ್ಕ


ಮಾರ್ಚ್ ೧೯

ಅಕ್ಕ,

ನಿನ್ನ ಪತ್ರ ನೋಡಿ ತಲೆ ಬುಡ ಗೊತ್ತಾಗಲಿಲ್ಲ. ಅಷ್ಟೆಲ್ಲ ಬರೆದೆ ಎನ್ನುತ್ತೀಯ. ಎರಡು ಗುರುತು ಮುಚ್ಚಿದೆ ಎಂದು ಬರೆದದ್ದು ತಾನೇ? ಅದನ್ನು ನಾನು ಎಂದೋ ಮರೆತೆ, ನೀನು ಇನ್ನೂ ಹಿಡಿದುಕೊಂಡು ಕೊರಗುತ್ತಿದ್ದೀಯ. ಅಥವಾ ಬೆನ್ನುನೋವು ಜಾಸ್ತಿಯಾಗಿದೆಯೋ? ನೋವಿದ್ದಾಗ ನಿನ್ನ ಮಾತಿಗೆ ಮುಳ್ಳು ಬರುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ. ಬಿಸಿನೀರಿನ ಚೀಲ ಇಟ್ಟುಕೊ. ತೊಟ್ಟಿಯ ಮುಂದೆ ಬಗ್ಗಿ ನಿಲ್ಲುವುದನ್ನು ಸ್ವಲ್ಪ ದಿನ ಭಾವನಿಗೆ ಬಿಡು.

ಮೂರನೆಯ ಬಾಗಿಲೂ ಮುಗಿಯಿತು. ಕೊನೆಯದು, ಆ ಹಿಂದಿನ ಎಡಗಡೆಯದು, ಮಾತ್ರ ಉಳಿದಿದೆ. ಅದನ್ನು ಮೈದಾನಕ್ಕೆ ಹೋಗುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ ನೆಮ್ಮದಿಯಾಗಿ ಕೂರಿಸುತ್ತೇನೆ. ನೀನು ಮಾಡಿಸಿದ ಹೊಸ ಹ್ಯಾಂಡಲ್ ನೋಡಲು ಕಾತರ. ಪರೀಕ್ಷಕರಿಗೆ ಹೊಳಪು ಎಲ್ಲಾ ನಮ್ಮ ಅಕ್ಕಂದು ಎಂದು ಮರೆಯದೆ ಹೇಳುತ್ತೇನೆ. ಕೆಲಸ ಮಾಡಿದವರ ಹೆಸರು ಹೇಳದೆ ಬಿಡುವವನಲ್ಲ ನಾನು.

ಅಮ್ಮನಿಗೆ ನಿನ್ನ ನಮಸ್ಕಾರ ತಿಳಿಸಿದೆ. "ಅಕ್ಕ ಬೇರೇನೂ ಬರೆದಿಲ್ವಾ?" ಎಂದು ಕೇಳಿದಳು. ಇಲ್ಲ ಅಂದೆ. 

ನಟ್ಟು


ಏಪ್ರಿಲ್ ೪

ಅಕ್ಕ,

ಶನಿವಾರ ಮಧ್ಯಾಹ್ನ ಕೊನೆಯ ಗಂಟು ಎತ್ತಿದೆ. ಕೆಳಗೆ ನಿನ್ನ ಪತ್ರವಿತ್ತು. ಫೆಬ್ರವರಿ ಹದಿನೇಳರದು.

ಕಾರಿನ ಮೆಟ್ಟಿಲ ಹಲಗೆಯ ಮೇಲೆ ಕೂತು ಓದಿದೆ. ಒಂದು ತಿಂಗಳು ಅದು ನನ್ನ ತಲೆಯ ಮೇಲಿನ ಹಲಗೆಯಲ್ಲೇ ಇತ್ತು. ನಾನು ಕೆಳಗೆ ನಿಂತು ಸ್ಕ್ರೂ ನೆಟ್ಟಗೆ ನಿಲ್ಲಿಸುತ್ತ ಮೀಸೆ ತಿರುವುತ್ತಿದ್ದೆ. ನೀನು ಯಾಕೆ ಹಾಗೆ ಬರೆದೆ ಎಂದು ಆಗ ಅರ್ಥವಾಯಿತು. ನಾಚಿಕೆಯಾಯಿತು. ಜೇಬಿನಿಂದ ಮನೆಯ ಬೀಗದಕೈ ತೆಗೆದು ನೋಡಿದೆ. ಕುತ್ತಿಗೆಯ ಹತ್ತಿರ ಅದೇ ಕಚ್ಚು. ಹುಡುಗನಾಗಿದ್ದಾಗಿನಿಂದ ಅದೇ ಬೀಗದಕೈಯಲ್ಲಿ ಬಾಗಿಲು ತೆಗೆಯುತ್ತಿದ್ದೇನೆ ಅಕ್ಕ. ಒಂದು ದಿನವೂ ಅದರ ಮುಖ ನೋಡಿರಲಿಲ್ಲ.

ಆ ಮೂರನೆಯ ಹ್ಯಾಂಡಲನ್ನು ಬಿಚ್ಚಿಕೊಂಡು ಒಳಗೆ ಹೋದೆ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸಿಡುತ್ತಿದ್ದಳು. ಹ್ಯಾಂಡಲನ್ನು ಅವಳ ಮುಂದಿಟ್ಟು, ಪಕ್ಕದಲ್ಲಿ ಬೀಗದಕೈಯನ್ನೂ ಇಟ್ಟೆ.  ಅವಳು ಎರಡನ್ನೂ ನೋಡಿ, "ಕೊನೆಗೂ ಕಣ್ಣಿಗೆ ಬಿತ್ತಾ?" ಅಂದಳು.

ಆಮೇಲೆ ಎಲ್ಲ ಹೇಳಿದಳು. ನೀನು ಓದಲು ಹೊರಗೆ ಹೋಗಿದ್ದ, ನಾನಿನ್ನೂ ತೀರ ಚಿಕ್ಕವನಿದ್ದ ವರ್ಷ ಮೂರು ಹ್ಯಾಂಡಲ್‌ಗಳು ಒಂದಾದ ಮೇಲೊಂದು ಮುರಿದವಂತೆ. ಕಂಪನಿಯವರು ಆ ಮಾದರಿಯನ್ನೇ ನಿಲ್ಲಿಸಿಬಿಟ್ಟಿದ್ದರು. ಗಾಜು ಏರದ ಕಾರನ್ನು ಯಾರು ಬಾಡಿಗೆಗೆ ಹಿಡಿಯುತ್ತಾರೆ? ಮುರಿಯದೆ ಉಳಿದ ಒಂದನ್ನು ಎದುರಿಗಿಟ್ಟುಕೊಂಡು ಹಿತ್ತಾಳೆ ತುಂಡುಗಳಿಂದ ಅವಳು ಅರ ಹಾಕಿಯೇ ಮೂರನ್ನೂ ಮಾಡಿದಳಂತೆ. ನಾನು ಕೇಳಬೇಕಾದ್ದನ್ನು ಕೇಳಿದೆ, ಅಪ್ಪ ಯಾಕೆ ನಿನ್ನ ಹೆಸರು ಹೇಳಲಿಲ್ಲ ಎಂದು.

"ಅವರು ಹೇಳ್ತೀನಿ ಅಂದ್ರು. ನಾನೇ ಬೇಡ ಅಂದೆ. ಬೀಗದಕೈ ಮಾಡೋಳು ಕಾರಿನ ಸಾಮಾನು ಮಾಡಿದ್ದಾಳೆ ಅಂತ ಗೊತ್ತಾದ್ರೆ ಜನ ಹತ್ತೋಕೆ ಹೆದರ್ತಾರೆ, ದಾರೀಲಿ ಬಾಗಿಲೇ ಕಳಚಿ ಬೀಳುತ್ತೆ ಅಂತಾರೆ. ಅದಕ್ಕೇ ಎಲ್ಲಾ ಕಂಪನಿದು ಅನ್ನೋಕೆ ಶುರುಮಾಡಿದ್ರು. ದಿನಾ ಸಾಯಂಕಾಲ ಬಂದು, ಇವತ್ತೂ ಒಬ್ಬ ನಂಬಿದ ಕಣೇ ಅನ್ನೋರು. ಇಬ್ಬರೂ ಕೂತು ನಗ್ತಿದ್ವಿ."

ಅಪ್ಪನ ಮೇಲಿನ ಸಿಟ್ಟನ್ನು ನೀನು ಇಳಿಸಬಹುದು ಅಕ್ಕ. ಅಪ್ಪ ಅಷ್ಟು ವರ್ಷ ಎದೆ ಉಬ್ಬಿಸಿ ಹೇಳುತ್ತಿದ್ದದ್ದು ಕಾರಿನ ಬಗ್ಗೆ ಅಲ್ಲವೇ ಅಲ್ಲ. ಅಮ್ಮನ ಕೆಲಸ ಯಾರೂ ಗುರುತು ಹಿಡಿಯಲಾರದಷ್ಟು ಚೆನ್ನಾಗಿದೆ ಎಂದು ಅವರಿಗಿದ್ದ ಹೆಮ್ಮೆ ಅದು.

ನಾಳೆ ಏನು ಹೇಳಲಿ ಅಂದೆ. ಅಮ್ಮ ಹ್ಯಾಂಡಲನ್ನು ಕೈಯಲ್ಲಿ ತಿರುಗಿಸುತ್ತ ಯೋಚಿಸಿದಳು. "ಇಷ್ಟು ವರ್ಷ ಬಾಗಿಲು ಬಿದ್ದಿಲ್ವಲ್ಲ," ಅಂದಳು. "ಈಗ ಹೇಳು."

ಆಮೇಲೆ ನೀನು ಮುಚ್ಚಿದ ಆ ಎರಡನ್ನೂ ಬಿಚ್ಚಿ ತರಿಸಿದಳು. ಹಳೆಯ ಡಬ್ಬಿಯಿಂದ ಮೂರು ಮೂಲೆಯ ಅರ ಹುಡುಕಿ ತೆಗೆದು, ನಿನ್ನ ನಿಕಲ್ ಮೇಲೆ ಒಂದೊಂದು ಎಳೆತ ಎಳೆದಳು. ಅರ ಜಾರಿ ಒಂದು ಕಚ್ಚು ಡೊಂಕಾಯಿತು. ಡೊಂಕಾಗಿದೆ ಅಂದೆ. ಇರಲಿ ಬಿಡು, ವಯಸ್ಸಾಗಿದೆ ಅಂತ ನೋಡಿದವರಿಗೆ ಗೊತ್ತಾಗಲಿ ಅಂದಳು. ಮುಚ್ಚಿದ್ದಕ್ಕೆ ನಿನ್ನ ಮೇಲೆ ಬೇಸರವಿಲ್ಲವಂತೆ. ಗೀರು ಕಂಡರೆ ಬಿಡದವಳು ನನ್ನ ಮಗಳೇ ಸರಿ ಎಂದು ನಿನಗೆ ಬರೆಯಲು ಹೇಳಿದ್ದಾಳೆ.

ಭಾನುವಾರ ಮೈದಾನಕ್ಕೆ ಹೋದೆವು. ಅಮ್ಮ ಮುಂದಿನ ಸೀಟಿನಲ್ಲಿ. ಪರೀಕ್ಷಕರು ಟಾರ್ಚು, ಕೈಗನ್ನಡಿ ಹಿಡಿದು ಕಾರಿನ ಹೊಟ್ಟೆಯಿಂದ ತಲೆಯವರೆಗೂ ನೋಡಿದರು. ಒಂದು ಕಡೆಯೂ ಅವರ ಮುಖ ಗಂಟಾಗಲಿಲ್ಲ. ಕೊನೆಗೆ ಹಿಂದಿನ ಎಡ ಬಾಗಿಲ ಹತ್ತಿರ ನಿಂತರು. "ಮೂರು ಸರಿಯಾಗಿದೆ, ಇದೊಂದು ಹ್ಯಾಂಡಲ್ ಯಾರೋ ಬದಲಾಯಿಸಿದ್ದಾರೆ. ಚಿಕ್ಕದು, ಒಂದಕ್ಕೆ ವಿನಾಯಿತಿ ಇದೆ" ಎಂದು ಚೀಲದಿಂದ ಫಲಕ ತೆಗೆದು ನನ್ನ ಕೈಗೆ ಕೊಟ್ಟೇಬಿಟ್ಟರು.

ಅದು ಅಂಗೈ ಮೇಲೆ ತಣ್ಣಗಿತ್ತು. ನಾನು ಸುಮ್ಮನಿದ್ದರೆ ಸಾಕಾಗಿತ್ತು ಅಕ್ಕ. ಸುಳ್ಳು ಕೂಡ ಹೇಳಬೇಕಾಗಿರಲಿಲ್ಲ. ಆ ಸಂಘದಲ್ಲೇ ಅವರಷ್ಟು ಹಳೆಯ ಕಾರು ನೋಡಿದವರು ಬೇರೆ ಇಲ್ಲವಂತೆ, ಅವರೇ ಕಂಪನಿಯದು ಎಂದ ಮೇಲೆ ಅಪ್ಪ ಗೆದ್ದ ಹಾಗೇ. ಆಗ ಮುಂದಿನ ಸೀಟಿನಲ್ಲಿ ಅಮ್ಮನನ್ನು ನೋಡಿದೆ. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಇವತ್ತೂ ಒಬ್ಬ ನಂಬಿದ ಎಂದು ಅಪ್ಪನಿಗೆ ಹೇಳುತ್ತಿದ್ದಳೋ ಏನೋ.

ಫಲಕ ವಾಪಸ್ಸು ಕೊಟ್ಟೆ. "ಬದಲಾಯಿಸಿರೋದು ಅದಲ್ಲ ಸಾರ್. ಅದೊಂದೇ ಕಂಪನಿದು. ಉಳಿದ ಮೂರು ನಮ್ಮಮ್ಮ ಮಾಡಿದ್ದು" ಅಂದೆ.

ಅವರು ನಂಬಲಿಲ್ಲ. ಬಿಚ್ಚಿ ತೋರಿಸಿದೆ. ಮೂರೂ ಕಚ್ಚುಗಳನ್ನು ಕನ್ನಡಿ ಹಾಕಿ ನೋಡಿದರು, ಆಮೇಲೆ ನನ್ನ ಬೀಗದಕೈ ನೋಡಿದರು. ಮತ್ತೆ ಕೂರಿಸಿ ಎಂದು ಹೇಳಿ ತಾವೇ ಒಳಗೆ ಕೂತು ನಾಲ್ಕು ಗಾಜುಗಳನ್ನೂ ತಿರುಗಿಸಿದರು. ಅಮ್ಮನದು ಹಗುರವಾಗಿ ತಿರುಗುತ್ತದೆ ಎಂದು ಒಪ್ಪಿಕೊಂಡರು. ನಿಯಮ ನಿಯಮವೇ, ಮೂರು ಹೊರಗಿನ ವಸ್ತುಗಳಿಗೆ ಫಲಕ ಇಲ್ಲ ಎಂದೂ ಹೇಳಿದರು. ಕಾರನ್ನು ಪಕ್ಕದ ಸಾಲಿಗೆ ಕಳಿಸಿದರು. ಆದರೆ ಹೋಗುವಾಗ ಅಮ್ಮನ ಹತ್ತಿರ ಬಂದು ಕೈಮುಗಿದರು. ಅದಾದ ಮೇಲೆ ಸುದ್ದಿ ಮೈದಾನವೆಲ್ಲ ಹಬ್ಬಿತು. ಫಲಕ ಸಿಕ್ಕ ಕಾರುಗಳನ್ನು ಬಿಟ್ಟು ಜನ ನಮ್ಮ ಕಾರಿನ ಮುಂದೆ ಸಾಲು ನಿಂತರು. ಅಮ್ಮ ಒಬ್ಬೊಬ್ಬರಿಗೂ ಗಾಜು ತಿರುಗಿಸಲು ಕೊಟ್ಟು, ಹಗುರ ಇದೆಯಾ ಎಂದು ಕೇಳಿ, ಇದೆ ಅನ್ನಿಸಿಕೊಂಡೇ ಇಳಿಸುತ್ತಿದ್ದಳು. ನನಗಾದ ಹೆಮ್ಮೆಯನ್ನು ಬರೆಯಲು ಬರುವುದಿಲ್ಲ. ಆದರೆ ಮೈದಾನದ ತುಂಬ ಮಾತಾಡಿದವನು ನಾನೇ.

ಡ್ಯಾಶ್‌ಬೋರ್ಡಿನಲ್ಲಿ ನಾನು ಅವಸರಕ್ಕೆ ಕೊರೆದ ಎರಡು ತೂತು ಹಾಗೇ ಬಾಯಿ ಬಿಟ್ಟುಕೊಂಡಿದ್ದವು. ಮನೆಗೆ ಬಂದ ಮೇಲೆ ಅಮ್ಮ ಅವನ್ನು ಬೆರಳಲ್ಲಿ ಅಳೆದುಕೊಂಡಳು. ಮೂರು ದಿನ ಕಿಟಕಿಯ ಹತ್ತಿರ ಕೂತು ಹಿತ್ತಾಳೆಯ ಒಂದು ಪಟ್ಟಿಗೆ ಅರ ಹಾಕಿದಳು. ತೂತುಗಳನ್ನೂ ಅವಳೇ ಕೊರೆದಳು. ಏನು ಕೆತ್ತಿಸಲಿ, ನಿನ್ನ ಹೆಸರೋ ಅಪ್ಪನ ಹೆಸರೋ ಎಂದು ಕೇಳಿದೆ. ಏನೂ ಬೇಡ ಅಂದಳು. ಕೊನೆಗೆ ಅಂಚಿಗೆ ಒಂದೇ ಒಂದು ಕಚ್ಚು ಹಾಕಿ ನನ್ನ ಕೈಗಿಟ್ಟಳು. ಈ ಸಲ ಒಳಮಗ್ಗುಲಲ್ಲಿ ಅಲ್ಲ, ಎದುರಿಗೇ.

ಆ ಪಟ್ಟಿಯನ್ನು ನಿಕಲ್ ಏರಿಸಲು ನಿನಗೆ ಕಳಿಸುತ್ತಿದ್ದೇನೆ. ಹರಿದ ಬನಿಯನ್ ಅಲ್ಲ, ಹೊಸ ಟವಲಿನಲ್ಲಿ ಸುತ್ತಿದ್ದೇನೆ. ಪತ್ರವನ್ನು ಮೇಲೇ ಇಟ್ಟಿದ್ದೇನೆ ಅಕ್ಕ. ಮೊದಲು ಓದು, ಆಮೇಲೆ ತೊಟ್ಟಿಗೆ ಹಾಕು. ಅದು ಗೀರಲ್ಲ.

ನಿನ್ನ ತಮ್ಮ,
ನಟ್ಟು